ಮಾಮನ ಟ್ರಂಕಿನಲ್ಲಿ ಹಳೆಯ ವಿಮಾನ ಸಿನಿಮಾಗಳು: ಗುಜರಿಗೆ ಹಾಕಬೇಕೇ, ಇಟ್ಟುಕೊಳ್ಳಬೇಕೇ?

ರೀಲುಪೆಟ್ಟಿಗೆ (ಧಾರವಾಡ)
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ತೀರಿಕೊಂಡು ಎಂಟು ತಿಂಗಳಾಯಿತು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದವರು, ಮದುವೆಯಾಗಲಿಲ್ಲ. ಊಟ, ಬಾಡಿಗೆ ಕಳೆದು ಸಂಬಳದಲ್ಲಿ ಉಳಿದದ್ದೆಲ್ಲ ಹಳೆಯ ವಿಮಾನ ಸಿನಿಮಾಗಳಿಗೇ ಹೋಯಿತು. ವರ್ಷಕ್ಕೊಮ್ಮೆ ಮುಂಬೈಗೆ ಹೋಗಿ ಚೋರ್ ಬಜಾರಿನಲ್ಲಿ ಎರಡು ದಿನ ಅಲೆದು ಬರುತ್ತಿದ್ದರು. ಅವರ ಎರಡು ಟ್ರಂಕುಗಳು ಈಗ ಸಪ್ತಾಪುರದ ನಮ್ಮ ಮನೆಯಲ್ಲಿವೆ. 16 ಎಂಎಂ ರೀಲಿನ ಒಂಬತ್ತು ಡಬ್ಬಿ, ಚಿತ್ರಮಂದಿರದಲ್ಲಿ ಪ್ರಚಾರಕ್ಕೆ ಹಾಕುತ್ತಿದ್ದ ಲಾಬಿ ಕಾರ್ಡುಗಳು, ಒಂದು ಕಟ್ಟು ಫೋಟೋ, ನೂರರ ಹತ್ತಿರ ಡಿವಿಡಿ.

ಮನೆಯಲ್ಲಿ ಇದೇ ಮಾತು ನಡೆದಿದೆ. ಅಣ್ಣ ಎಲ್ಲವನ್ನೂ ಗುಜರಿಗೆ ಹಾಕು ಎನ್ನುತ್ತಾನೆ. ಮಗಳು ಒಂದು ಡಿವಿಡಿಯನ್ನು ಹತ್ತು ನಿಮಿಷ ನೋಡಿ, "ಅಪ್ಪಾ, ಮೊಬೈಲಿನ ಆಟದಲ್ಲೇ ಇದಕ್ಕಿಂತ ಚೆಂದದ ವಿಮಾನಗಳಿವೆ, ಇದರಲ್ಲಿ ಏನಿದೆ?" ಎಂದಳು. ನನ್ನ ಬಾಯಿಗೆ ಉತ್ತರ ಬರಲಿಲ್ಲ. ಬಿಸಾಡಲು ಕೈಯೂ ಬರುತ್ತಿಲ್ಲ.

ಹೀಗೆ ಸಂಗ್ರಹಿಸುವವರು ಇಲ್ಲಿ ಕೆಲವರಿದ್ದೀರಿ ಎಂದು ಗೊತ್ತು. ನಿಮ್ಮನ್ನು ಹಿಡಿದದ್ದು ಏನು, ಹೇಳಿ. ಇನ್ನೊಂದು ವಿಷಯ: ಮೂರು ಡಬ್ಬಿಗಳ ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವಷ್ಟು ಹುಳಿ ವಾಸನೆ ಬರುತ್ತದೆ. ಏನು ಮಾಡಲಿ?

ದುರ್ಗದಬೈಲ್
ಮೊದಲು ಆ ಡಬ್ಬಿಗಳನ್ನು ಮನೆಯಿಂದ ಹೊರಗಿಡಿ. ಹಳೆಯ ರೀಲು ಎಂದರೆ ಬೆಂಕಿ. 2003ರಲ್ಲಿ ಪುಣೆಯಲ್ಲಿ ಸಾವಿರಾರು ರೀಲುಗಳು ಸುಟ್ಟುಹೋದದ್ದನ್ನು ಪತ್ರಿಕೆಯಲ್ಲಿ ಓದಿದ ನೆನಪು ಇನ್ನೂ ಇದೆ. ಮಕ್ಕಳಿರುವ ಮನೆ, ಹುಷಾರು.

ಬೆಳಗಿನ ಆಟ (ಹುಬ್ಬಳ್ಳಿ)
ಹಾಗೆ ಹೆದರಿಸಬೇಡಿ. ಪುಣೆಯಲ್ಲಿ ಸುಟ್ಟದ್ದು ನೈಟ್ರೇಟ್ ಫಿಲಂ, 35 ಎಂಎಂನದು. 1950ರ ದಶಕದ ಆರಂಭದಲ್ಲೇ ಅದರ ತಯಾರಿಕೆ ನಿಂತಿತು. 16 ಎಂಎಂ ಎಂಬುದು 1923ರಲ್ಲಿ ಹುಟ್ಟಿದ್ದೇ ಮನೆ, ಶಾಲೆಗಳಲ್ಲಿ ತೋರಿಸಲಿಕ್ಕೆ. ಆದ್ದರಿಂದ ಮೊದಲಿನಿಂದಲೂ ಅದನ್ನು ಹಾಗೆ ಭಗ್ಗನೆ ಹೊತ್ತಿಕೊಳ್ಳದ ಅಸಿಟೇಟ್ ಫಿಲಂನಲ್ಲಿ ಮಾಡಿದರು. ಅಂಚನ್ನು ಬೆಳಕಿಗೆ ಹಿಡಿದರೆ 'ಸೇಫ್ಟಿ' ಎಂಬ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ನಾನು ಹುಬ್ಬಳ್ಳಿಯ ಒಂದು ಚಿತ್ರಮಂದಿರದಲ್ಲಿ 22 ವರ್ಷ ಪ್ರೊಜೆಕ್ಟರ್ ನಡೆಸಿದವನು. ಕಾರ್ಬನ್ ಕಡ್ಡಿಯ ಕಾಲದಿಂದ ಕ್ಸೆನಾನ್ ದೀಪದವರೆಗೆ ನೋಡಿದ್ದೇನೆ. ನಿಮ್ಮ ರೀಲಿಗೆ ಬೆಂಕಿಯ ಭಯವಿಲ್ಲ, ಆದರೆ ರೋಗ ಹಿಡಿದಿದೆ. ಅಸಿಟೇಟ್ ಒಡೆಯತೊಡಗಿದರೆ ಅಸಿಟಿಕ್ ಆಮ್ಲ ಹೊರಬರುತ್ತದೆ. ಆ ಹುಳಿ ವಾಸನೆ ಅದರದೇ. ಆವಿ ಪಕ್ಕದ ಡಬ್ಬಿಗಳಿಗೂ ತಗಲುತ್ತದೆ. ಇವತ್ತೇ ಆ ಮೂರನ್ನು ಬೇರೆ ಕೋಣೆಗೆ ಒಯ್ಯಿರಿ. ಮುಚ್ಚಳವನ್ನು ಬಿಗಿಯಾಗಿ ಒತ್ತಬೇಡಿ, ಆವಿ ಹೊರಗೆ ಹೋಗಲಿ. ರೋಗವನ್ನು ವಾಸಿ ಮಾಡಲು ಆಗುವುದಿಲ್ಲ, ನಿಧಾನಗೊಳಿಸಬಹುದು.

ಮತ್ತು ದಯವಿಟ್ಟು ಪ್ರೊಜೆಕ್ಟರಿಗೆ ಹಾಕಬೇಡಿ. ಕುಗ್ಗಿದ ಫಿಲಂನ ತೂತುಗಳು ಹಲ್ಲಿಗೆ ಕೂಡುವುದಿಲ್ಲ, ಉದ್ದಕ್ಕೂ ಹರಿದುಕೊಂಡು ಹೋಗುತ್ತದೆ.

ದುರ್ಗದಬೈಲ್
ಗೊತ್ತಿರಲಿಲ್ಲ ಕಾಕಾ. ತಿದ್ದಿದ್ದಕ್ಕೆ ಧನ್ಯವಾದ.

ಕಪ್ಪತಗುಡ್ಡ (ಗದಗ)
ಧಾರವಾಡದಲ್ಲಿ ರೀಲು ಇಡುವುದೇ ತಪ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ಊರು ಅದು. ನಮ್ಮ ಗದಗಿಗೆ ಕಳಿಸಿ, ಇಲ್ಲಿ ಹವೆ ಒಣ.

ರೀಲುಪೆಟ್ಟಿಗೆ (ಧಾರವಾಡ)
ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಉಳಿಯುತ್ತದೆಯೇ?

ಬೆಳಗಿನ ಆಟ (ಹುಬ್ಬಳ್ಳಿ)
ಎರಡೂ ಕೆಟ್ಟದ್ದು. ತೇವವೂ ಶತ್ರು, ಶಾಖವೂ ಶತ್ರು. ಮನೆಯಲ್ಲಿ ಅತಿ ತಂಪಾದ, ಒಣಗಿದ, ಹೊರಗೋಡೆಗೆ ತಾಗದ ಜಾಗ ನೋಡಿ. ಅಟ್ಟದ ಮೇಲೆ ಮಾತ್ರ ಇಡಬೇಡಿ, ಹೆಂಚಿನ ಕಾವು ಮೊದಲು ಇಳಿಯುವುದು ಅಲ್ಲಿಗೆ.

ಗೋಕುಲ ರಸ್ತೆ
ಡಬ್ಬಿಯ ಮಾತು ಆಯಿತು, ಡಬ್ಬಿಯೊಳಗಿನ ಮಾತಿಗೆ ಬರೋಣ.

ನಿಮ್ಮ ಮಗಳ ಪ್ರಶ್ನೆ ಒಳ್ಳೆಯದು, ಅವಳಿಗೆ ಉತ್ತರ ಕೊಡಲೇಬೇಕು. 'ವಿಂಗ್ಸ್' ಎಂಬ 1927ರ ಮೂಕಿಚಿತ್ರದ ಡಿವಿಡಿ ನಿಮ್ಮ ಕಟ್ಟಿನಲ್ಲಿ ಇದ್ದೇ ಇರುತ್ತದೆ, ಅದನ್ನು ಹಾಕಿ ತೋರಿಸಿ. 1929ರಲ್ಲಿ ನಡೆದ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರವೆಂದು ಪ್ರಶಸ್ತಿ ಪಡೆದದ್ದು ಅದು. ನಿರ್ದೇಶಕ ವಿಲಿಯಂ ವೆಲ್‌ಮನ್ ಮೊದಲನೆಯ ಮಹಾಯುದ್ಧದಲ್ಲಿ ಸ್ವತಃ ಯುದ್ಧವಿಮಾನ ಹಾರಿಸಿದವನು. ನಟರನ್ನು ಸ್ಟುಡಿಯೋದಲ್ಲಿ ಕೂರಿಸಿ ಹಿಂದೆ ಪರದೆ ಓಡಿಸುವುದಕ್ಕೆ ಅವನು ಒಪ್ಪಲಿಲ್ಲ. ಕ್ಯಾಮೆರಾವನ್ನು ವಿಮಾನದ ಮೂತಿಯ ಮೇಲೆ ನಟನ ಮುಖಕ್ಕೆ ತಿರುಗಿಸಿ ಬಿಗಿದರು. ಮೇಲೆ ಹೋದ ಮೇಲೆ ಕ್ಯಾಮೆರಾ ಚಾಲೂ ಮಾಡುವುದೂ ನಟನೇ, ನಟಿಸುವುದೂ ಅವನೇ. ತೆರೆಯ ಮೇಲೆ ಅವನ ಕೆನ್ನೆ ಗಾಳಿಗೆ ಅದುರುತ್ತದೆ, ಹಿಂದೆ ಭೂಮಿ ಓರೆಯಾಗುತ್ತದೆ. ಅದೆಲ್ಲ ಆ ದಿನ, ಆ ಎತ್ತರದಲ್ಲಿ ನಿಜವಾಗಿ ಆದದ್ದು.

ನಾನು ಸಂಗ್ರಹಿಸುವುದು ಇದಕ್ಕಾಗಿ. ಕತೆ ಎಷ್ಟೋ ಸಲ ಸಾಧಾರಣ, ಪ್ರೇಮಪ್ರಸಂಗ ಎಳೆದಂತಿರುತ್ತದೆ. ಆದರೆ ಆಕಾಶದ ಭಾಗ ಬಂದಾಗ ನಾನು ನೋಡುತ್ತಿರುವುದು ದಾಖಲೆ.

ಉಣಕಲ್ ಕೆರೆ
ಮೋಡದ ವಿಷಯ ಬಿಟ್ಟಿರಿ. ವೆಲ್‌ಮನ್ ಮೋಡಕ್ಕಾಗಿ ದಿನಗಟ್ಟಲೆ ಕಾದ, ಹಣ ಹಾಕಿದವರು ಬೈದರೂ ಕಾದ. ಖಾಲಿ ಆಕಾಶದಲ್ಲಿ ವಿಮಾನದ ವೇಗ ಗೊತ್ತಾಗುವುದಿಲ್ಲ. ನಾನು ಸಂಜೆ ಕೆರೆಯ ದಂಡೆಯಲ್ಲಿ ನಡೆಯುವಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ಫೆಬ್ರವರಿಯ ನಿಚ್ಚಳ ಆಕಾಶದಲ್ಲಿ ನಮ್ಮ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನ ತೆವಳಿದಂತೆ ಕಾಣುತ್ತದೆ. ಜುಲೈಯಲ್ಲಿ ಅದೇ ವಿಮಾನ ಮೋಡದ ಸಂದಿಯಿಂದ ನುಗ್ಗಿ ಬಂದಂತೆ ಕಾಣುತ್ತದೆ.

ಬೆಟಗೇರಿ ಮಗ್ಗ
1930ರ 'ಹೆಲ್ಸ್ ಏಂಜಲ್ಸ್' ತೆಗೆದ ಹೊವಾರ್ಡ್ ಹ್ಯೂಸ್ ಕೂಡ ಮೋಡಕ್ಕಾಗಿ ಕಾದವನೇ. ಮೂಕಿಯಾಗಿ ಶುರುಮಾಡಿದ ಚಿತ್ರ ಮುಗಿಯುವ ಹೊತ್ತಿಗೆ ಟಾಕಿ ಬಂದುಬಿಟ್ಟಿತ್ತು. ನಾಯಕಿಯ ಇಂಗ್ಲಿಷ್ ಉಚ್ಚಾರ ಸರಿಹೋಗದೆ, ಅವಳ ಜಾಗಕ್ಕೆ ಜೀನ್ ಹಾರ್ಲೊ ಎಂಬ ಹೊಸ ಹುಡುಗಿಯನ್ನು ತಂದು ಮಾತಿನ ದೃಶ್ಯಗಳನ್ನು ಮತ್ತೆ ತೆಗೆದ. ಅವಳನ್ನು ಬಣ್ಣದಲ್ಲಿ ನೋಡಬೇಕಾದರೆ ಆ ಚಿತ್ರದ ಒಂದು ಭಾಗವನ್ನೇ ನೋಡಬೇಕು.

ಏಲಕ್ಕಿ ಮಾಲೆ (ಹಾವೇರಿ)
ನಾನು ಶಾಲಾ ಶಿಕ್ಷಕಿ. ಮೇಲಿನದನ್ನೆಲ್ಲ ಓದುತ್ತ ಬಂದೆ. ಒಂದು ಮಾತು ಯಾರೂ ಹೇಳಲಿಲ್ಲ. 'ಹೆಲ್ಸ್ ಏಂಜಲ್ಸ್' ತೆಗೆಯುವಾಗ ಮೂವರು ವಿಮಾನ ಚಾಲಕರು, ಒಬ್ಬ ಮೆಕ್ಯಾನಿಕ್ ಸತ್ತರು. ಹ್ಯೂಸ್ ತಾನೂ ವಿಮಾನ ಕೆಡವಿಕೊಂಡು ಪೆಟ್ಟು ತಿಂದ. 'ವಿಂಗ್ಸ್'ನಲ್ಲಿ ಬೇಕೆಂದೇ ವಿಮಾನ ಅಪ್ಪಳಿಸುವ ಕೆಲಸ ಮಾಡಿದ ಡಿಕ್ ಗ್ರೇಸ್ ಕುತ್ತಿಗೆ ಮುರಿದುಕೊಂಡ. ದಾಖಲೆ ಎನ್ನುತ್ತೀರಿ ಗೋಕುಲ ರಸ್ತೆಯವರೇ, ಅದಕ್ಕೆ ತೆತ್ತ ಬೆಲೆಯೂ ಆ ದಾಖಲೆಯಲ್ಲಿ ಸೇರಬೇಕಲ್ಲವೇ? ಮಕ್ಕಳಿಗೆ ತೋರಿಸಿ, ಅವರು ಚಪ್ಪಾಳೆ ತಟ್ಟಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗೋಕುಲ ರಸ್ತೆ
ಸೇರಬೇಕು ಅಕ್ಕಾ. ಆದರೆ ಅದಕ್ಕಾಗಿ ಚಿತ್ರವನ್ನೇ ಮುಚ್ಚಿಟ್ಟರೆ ಸತ್ತವರಿಗೆ ಏನು ಸಿಕ್ಕಿತು? ಅವರು ಮಾಡಿದ ಕೆಲಸ ಉಳಿದಿರುವುದು ಆ ರೀಲಿನಲ್ಲಿ ಮಾತ್ರ.

ಏಲಕ್ಕಿ ಮಾಲೆ (ಹಾವೇರಿ)
ಮುಚ್ಚಿಡಿ ಎಂದು ನಾನು ಹೇಳಲಿಲ್ಲ. ತೋರಿಸುವ ಮುಂಚೆ ಅವರ ಸುದ್ದಿ ಹೇಳಿ ಎಂದೆ.

ಬೆಳಗಿನ ಆಟ (ಹುಬ್ಬಳ್ಳಿ)
ಟೀಚರ್ ಹೇಳುವುದು ಸರಿ. 'ದಿ ಫ್ಲೈಟ್ ಆಫ್ ದಿ ಫೀನಿಕ್ಸ್' ಎಂಬ 1965ರ ಚಿತ್ರವನ್ನು ನಾವು ಭಾನುವಾರದ ಬೆಳಗಿನ ಆಟಕ್ಕೆ ಹಾಕಿದ್ದೆವು. ಮರುಭೂಮಿಯಲ್ಲಿ ಬಿದ್ದ ವಿಮಾನದ ಚೂರುಗಳಿಂದಲೇ ಇನ್ನೊಂದು ವಿಮಾನ ಕಟ್ಟಿ ಹಾರಿಹೋಗುವ ಕತೆ. ಆ ಚಿತ್ರಕ್ಕಾಗಿ ವಿಮಾನ ಹಾರಿಸುತ್ತಿದ್ದ ಪಾಲ್ ಮ್ಯಾಂಟ್ಸ್ 1965ರ ಜುಲೈ 8ರಂದು ಚಿತ್ರೀಕರಣದಲ್ಲೇ ಸತ್ತ. ಹಾಲಿವುಡ್‌ನಲ್ಲಿ ಹತ್ತಾರು ಚಿತ್ರಗಳಿಗೆ ಹಾರಿದ ಹಳೆಯ ಹುಲಿ ಅವನು. ಚಿತ್ರದಲ್ಲಿ ಅವನಿಗೆ ಅರ್ಪಣೆಯ ಸಾಲುಗಳಿವೆ.

ಆ ಸಾಲುಗಳು ಬರುವ ಹೊತ್ತಿಗೆ ಜನ ಎದ್ದು ಬಾಗಿಲ ಕಡೆ ನಡೆದಿರುತ್ತಿದ್ದರು. ನಾನು ಅವು ಪೂರ್ತಿ ಹೋಗುವವರೆಗೆ ದೀಪ ಹಾಕುತ್ತಿರಲಿಲ್ಲ. ವ್ಯವಸ್ಥಾಪಕರು ಎರಡು ಸಲ ಬೈದರು. ಮೂರನೆಯ ಸಲ ಕಾರಣ ಹೇಳಿದೆ, ಆಮೇಲೆ ಅವರೂ ಸುಮ್ಮನಾದರು.

ರೀಲುಪೆಟ್ಟಿಗೆ (ಧಾರವಾಡ)
ಕಾಕಾ, ಇದನ್ನು ನನ್ನ ಮಗಳಿಗೆ ಓದಿ ಹೇಳಿದೆ. ಆ ಸಾಲುಗಳನ್ನು ತೋರಿಸು ಎಂದು ಆ ಡಿವಿಡಿಯನ್ನು ಹುಡುಕುತ್ತಿದ್ದಾಳೆ.

ಕಪ್ಪತಗುಡ್ಡ (ಗದಗ)
ನಾನು ಗೋಕುಲ ರಸ್ತೆಯವರ ವಾದಕ್ಕೆ ಪೂರ್ತಿ ಒಪ್ಪುವುದಿಲ್ಲ. 'ನಿಜ, ನಿಜ' ಎನ್ನುತ್ತೀರಿ. 1969ರ 'ಬ್ಯಾಟಲ್ ಆಫ್ ಬ್ರಿಟನ್' ತೆಗೆದುಕೊಳ್ಳಿ, 1940ರಲ್ಲಿ ಬ್ರಿಟಿಷರಿಗೂ ಜರ್ಮನರಿಗೂ ನಡೆದ ಆಕಾಶಯುದ್ಧದ ಚಿತ್ರ. ಜರ್ಮನರ ಮೆಸರ್‌ಶ್ಮಿಟ್ ಎಂದು ತೋರಿಸುವವು ಸ್ಪೇನಿನಲ್ಲಿ ಕಟ್ಟಿದ ಬುಚೋನ್ ವಿಮಾನಗಳು. ಅವುಗಳ ಹೊಟ್ಟೆಯಲ್ಲಿ ಇರುವುದು ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್. ಎದುರಾಳಿ ಬ್ರಿಟಿಷರ ಸ್ಪಿಟ್‌ಫೈರ್‌ನಲ್ಲೂ ಅದೇ ಮರ್ಲಿನ್! ಮೂತಿಯ ಆಕಾರ ನೋಡಿದರೆ ತಕ್ಷಣ ಗೊತ್ತಾಗುತ್ತದೆ. 1970ರ 'ತೋರಾ! ತೋರಾ! ತೋರಾ!'ದಲ್ಲಿ ಜಪಾನಿನ ಜೀರೋ ಎಂದು ಹಾರುವವು ಅಮೆರಿಕದ ತರಬೇತಿ ವಿಮಾನಗಳು, ಮೈ ಬದಲಿಸಿ ಬಣ್ಣ ಬಳಿದವು. ಇದು ದಾಖಲೆ ಹೇಗಾಗುತ್ತದೆ?

ಗೋಕುಲ ರಸ್ತೆ
ಬಯಲಾಟದಲ್ಲಿ ಭೀಮನ ಪಾತ್ರ ಮಾಡಿದವನು ಭೀಮನಲ್ಲ. ಕುಣಿದದ್ದು ಸುಳ್ಳೇ? ಅಷ್ಟು ವಿಮಾನಗಳು ಒಟ್ಟಿಗೆ ಎದ್ದವು, ಒಂದರ ರೆಕ್ಕೆ ಇನ್ನೊಂದರ ಪಕ್ಕದಲ್ಲಿ ಓರೆಯಾಯಿತು, ಅಷ್ಟು ಸಾಕು ನನಗೆ.

ಕಪ್ಪತಗುಡ್ಡ (ಗದಗ)
ಹೋಲಿಕೆ ಚೆನ್ನಾಗಿದೆ, ವಾದ ಮಾತ್ರ ನಿಲ್ಲುವುದಿಲ್ಲ. ದಾಖಲೆ ಎಂದ ಮೇಲೆ ಯಾವುದರ ದಾಖಲೆ ಎಂದು ಹೇಳಬೇಕು. 1940ರ ದಾಖಲೆ ಅಲ್ಲ, 1968ರಲ್ಲಿ ಯಾವ ಹಳೆಯ ವಿಮಾನಗಳು ಇನ್ನೂ ಹಾರುತ್ತಿದ್ದವು ಎಂಬುದರ ದಾಖಲೆ.

ಗೋಕುಲ ರಸ್ತೆ
ಅದನ್ನು ಒಪ್ಪಿದೆ.

ನೆಲದಿಂದ ಮೇಲೆ
ತಡವಾಗಿ ಬಂದೆ. ನಾನು ಕೇಶ್ವಾಪುರದವಳು, ವಿಮಾನ ಚಾಲನೆಯ ತರಬೇತಿಯಲ್ಲಿದ್ದೇನೆ. ಈ ಚಿತ್ರಗಳಲ್ಲಿ ನನ್ನನ್ನು ಹಿಡಿಯುವುದು ನೀವು ಯಾರೂ ಹೇಳದ ಸಣ್ಣ ಸಂಗತಿಗಳು.

ಮೊದಲನೆಯ ಮಹಾಯುದ್ಧದ ಎಷ್ಟೋ ವಿಮಾನಗಳಲ್ಲಿ ಎಂಜಿನ್ನೇ ತಿರುಗುತ್ತಿತ್ತು. ಪಂಖದ ಜೊತೆ ಇಡೀ ಎಂಜಿನ್ ಗಿರಗಿರನೆ ಸುತ್ತುವುದು. ಅದಕ್ಕೆ ಹಾಕುತ್ತಿದ್ದ ಎಣ್ಣೆ ಯಾವುದು ಗೊತ್ತೇ? ನಮ್ಮ ಔಡಲ ಎಣ್ಣೆ! ಪೆಟ್ರೋಲಿನಲ್ಲಿ ಅದು ಸುಲಭವಾಗಿ ಬೆರೆಯುವುದಿಲ್ಲ, ಹಾಗಾಗಿ ಅದನ್ನೇ ಆರಿಸಿದರು. ಉರಿದು ಉಳಿದ ಎಣ್ಣೆ ಚಾಲಕನ ಮುಖದ ಮೇಲೆಲ್ಲ ಸಿಡಿಯುತ್ತಿತ್ತು. ಪಡ್ಡೆ ಹುಡುಗರ ಶೋಕಿಯೆಂದು ನಾವು ತಿಳಿದಿರುವ ಕುತ್ತಿಗೆಯ ರೇಷ್ಮೆ ವಸ್ತ್ರ ಕನ್ನಡಕ ಒರೆಸಲಿಕ್ಕೂ ಬೇಕಿತ್ತು. ಶತ್ರುವನ್ನು ಹುಡುಕುತ್ತ ಸದಾ ತಲೆ ತಿರುಗಿಸುವವನ ಕುತ್ತಿಗೆ ಕಾಲರಿಗೆ ಉಜ್ಜಿ ಹುಣ್ಣಾಗದಿರಲಿಕ್ಕೂ ಬೇಕಿತ್ತು.

ಇನ್ನೊಂದು. ಆ ಎಂಜಿನ್ನುಗಳ ವೇಗವನ್ನು ಈಗಿನಂತೆ ಮೆಲ್ಲಗೆ ಏರಿಸಿ ಇಳಿಸಲು ಬರುತ್ತಿರಲಿಲ್ಲ. ಇಳಿಯುವಾಗ ಗುಂಡಿ ಒತ್ತಿ ಕಿಡಿ ಕಡಿಯಬೇಕು, ಬಿಡಬೇಕು, ಮತ್ತೆ ಕಡಿಯಬೇಕು. ಅಂಥ ವಿಮಾನ ಇಳಿಯುವಾಗ ಸದ್ದು ಬಿಟ್ಟು ಬಿಟ್ಟು ಬರುತ್ತದೆ. ಎಂಜಿನ್ ಕೆಟ್ಟಿತು ಎಂದು ನನ್ನ ತಮ್ಮ ಹೆದರುತ್ತಿದ್ದ. ಅದು ಚಾಲಕನ ಹೆಬ್ಬೆರಳಿನ ಸದ್ದು.

1965ರಲ್ಲೇ ಬಂದ ಇನ್ನೊಂದು ಚಿತ್ರ, 1910ರ ಲಂಡನ್–ಪ್ಯಾರಿಸ್ ವಿಮಾನ ಪಂದ್ಯದ ಹಾಸ್ಯಕತೆ. ಅದಕ್ಕಾಗಿ ಆ ಕಾಲದ ವಿಮಾನಗಳನ್ನು ಹೊಸದಾಗಿ ಕಟ್ಟಿ ಹಾರಿಸಿದರು. ಡೆಮಾಸೆಲ್ ಎಂಬ ಪುಟ್ಟ ವಿಮಾನ ಗಂಡಸರ ಭಾರಕ್ಕೆ ಸರಿಯಾಗಿ ಏಳಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಾರ್ಖಾನೆಗಳಿಂದ ಯುದ್ಧವಿಮಾನಗಳನ್ನು ಸಾಗಿಸುತ್ತಿದ್ದ ಜೋನ್ ಹ್ಯೂಸ್ ಎಂಬ ಹಗುರ ಮೈಯ ಮಹಿಳೆಯನ್ನು ಕರೆಸಿದರು, ಅವರು ಹಾರಿಸಿದರು. ತೆರೆಯ ಮೇಲೆ ಕಾಣುವುದು ಪುರುಷ ಪಾತ್ರ. ಅಲ್ಲಿ ಕೂತಿರುವವರು ಯಾರೆಂದು ತಿಳಿದ ದಿನ ನಾನು ಆ ದೃಶ್ಯವನ್ನು ಆರು ಸಲ ನೋಡಿದೆ.

ಏಲಕ್ಕಿ ಮಾಲೆ (ಹಾವೇರಿ)
ತಂಗೀ, ನೀನು ನಮ್ಮ ಶಾಲೆಗೆ ಒಂದು ದಿನ ಬಾ. ಈ ಔಡಲ ಎಣ್ಣೆಯ ಕತೆಯನ್ನು ನಮ್ಮ ಹುಡುಗಿಯರಿಗೆ ಹೇಳು.

ನೆಲದಿಂದ ಮೇಲೆ
ಖಂಡಿತ ಬರುತ್ತೇನೆ ಟೀಚರ್. ದೀಪಾವಳಿ ರಜೆಗೆ ಊರಿಗೆ ಬಂದಾಗ.

ದುರ್ಗದಬೈಲ್
ನಮ್ಮಲ್ಲಿ ಇಂಥ ಚಿತ್ರ ಯಾಕಿಲ್ಲ? ಹಿಂದಿಯಲ್ಲಿ 1973ರ 'ಹಿಂದೂಸ್ತಾನ್ ಕಿ ಕಸಮ್', 1982ರ 'ವಿಜೇತಾ' ಇವೆ. ಎಚ್‌ಎಎಲ್ ಬೆಂಗಳೂರಿನಲ್ಲಿ 1940ರಿಂದ ಇದೆ. 1961ರಲ್ಲಿ ಮಾರುತ್ ಯುದ್ಧವಿಮಾನ ಮೊದಲು ಹಾರಿದ್ದು ಕನ್ನಡದ ನೆಲದಿಂದ. ಅದರ ಮೇಲೆ ಕನ್ನಡದಲ್ಲಿ ದೊಡ್ಡದೊಂದು ಸಾಹಸಚಿತ್ರ ಬರಬೇಕು ಎಂಬುದು ನನ್ನ ಬಹುದಿನದ ಆಸೆ.

ಉಣಕಲ್ ಕೆರೆ
ಹುಬ್ಬಳ್ಳಿಯ ವಿಮಾನ ನಿಲ್ದಾಣವೂ ಅದರಲ್ಲಿ ಬರಲಿ. 2003ರಲ್ಲಿ ಏರ್ ಡೆಕ್ಕನ್ ಶುರುವಾದ ಹೊಸದರಲ್ಲೇ ಪಂಖದ ಎಟಿಆರ್ ವಿಮಾನ ಇಲ್ಲಿಗೆ ಬರತೊಡಗಿತು. ನಮ್ಮ ಅಪ್ಪ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬೇಲಿಯ ಹೊರಗೆ ನಿಲ್ಲಿಸಿ ತೋರಿಸಿದರು. ಸುತ್ತ ಎಷ್ಟೋ ಜನ ಬುತ್ತಿ ಕಟ್ಟಿಕೊಂಡು ಬಂದಿದ್ದರು.

ಬೆಟಗೇರಿ ಮಗ್ಗ
ನನ್ನ ಸಂಗ್ರಹ ಬೇರೆ ಬಗೆಯದು, ಫಿಲಂ ಇಲ್ಲ, ಬರೀ ಕಾಗದ. ಗದಗ ಮುದ್ರಣಾಲಯಗಳ ಊರು. ಜಾತ್ರೆಯಲ್ಲಿ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸಿನವರು ಹ್ಯಾಂಡ್‌ಬಿಲ್ಲುಗಳನ್ನು ಇಲ್ಲೇ ಅಚ್ಚು ಹಾಕಿಸುತ್ತಿದ್ದರು. ನಮ್ಮ ಅಜ್ಜ ಮೊಳೆ ಜೋಡಿಸುವ ಕೆಲಸದಲ್ಲಿದ್ದರು, ಒಂದೊಂದು ಪ್ರತಿ ಮನೆಗೆ ತಂದಿಟ್ಟರು. ಅದರಲ್ಲಿ ಒಂದು ತಿಳಿಗುಲಾಬಿ ಕಾಗದ. ಎರಡು ರೆಕ್ಕೆಯ ವಿಮಾನದ ಬ್ಲಾಕು, ಕೆಳಗೆ ದಪ್ಪ ಅಕ್ಷರದಲ್ಲಿ 'ಆಕಾಶ ಯುದ್ಧ'. ಚಿತ್ರದ ಇಂಗ್ಲಿಷ್ ಹೆಸರೇ ಇಲ್ಲ! ಯಾವ ಚಿತ್ರವೆಂದು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಅದನ್ನು ಕೊಡಿ ಎಂದು ಒಬ್ಬರು ಒಳ್ಳೆಯ ಹಣ ಕೊಡಲು ಬಂದಿದ್ದರು, ಕೊಡಲಿಲ್ಲ. ಅಜ್ಜ ಜೋಡಿಸಿದ ಅಕ್ಷರ ಅದು.

ರೀಲುಪೆಟ್ಟಿಗೆ (ಧಾರವಾಡ)
ನನ್ನಲ್ಲೂ ಹೆಸರಿಲ್ಲದ ಒಂದು ರೀಲು ಇದೆ. ನಿನ್ನೆ ರಾತ್ರಿ ಭೂತಗನ್ನಡಿ ಹಿಡಿದು ನೋಡಿದೆ. ಎರಡು ರೆಕ್ಕೆಯ ವಿಮಾನಗಳು, ಒಂದು ಹೊಗೆ ಬಿಡುತ್ತ ಬೀಳುತ್ತದೆ. ವಾಸನೆ ಇಲ್ಲ, ಫಿಲಂ ಚಪ್ಪಟೆಯಾಗಿಯೇ ಇದೆ. ತೂತುಗಳು ಒಂದೇ ಅಂಚಿನಲ್ಲಿ ಇವೆ. ಅಂಚಿನಲ್ಲಿ ಕಂಪನಿಯ ಹೆಸರಿನ ಪಕ್ಕ ಒಂದು ಚೌಕ, ಒಂದು ತ್ರಿಕೋನ.

ಬೆಳಗಿನ ಆಟ (ಹುಬ್ಬಳ್ಳಿ)
ತೂತು ಒಂದೇ ಕಡೆ ಎಂದರೆ ಇನ್ನೊಂದು ಅಂಚಿನಲ್ಲಿ ಧ್ವನಿಯ ಪಟ್ಟಿ. ಮಾತನಾಡುವ ಚಿತ್ರ. ಚೌಕ, ತ್ರಿಕೋನಗಳು ಕೊಡಾಕ್‌ನವರು ಫಿಲಂ ತಯಾರಾದ ವರ್ಷಕ್ಕೆ ಹಾಕುತ್ತಿದ್ದ ಗುರುತು. ಅವೇ ಗುರುತುಗಳು ಸುಮಾರು 20 ವರ್ಷಕ್ಕೊಮ್ಮೆ ಮರಳಿ ಬರುತ್ತಿದ್ದವು. ಅದರಿಂದ ಪ್ರಿಂಟಿನ ವಯಸ್ಸು ಅಂದಾಜಾಗುತ್ತದೆಯೇ ಹೊರತು ಚಿತ್ರದ ವಯಸ್ಸಲ್ಲ.

ಕಪ್ಪತಗುಡ್ಡ (ಗದಗ)
'ದಿ ಡಾನ್ ಪಟ್ರೋಲ್' ಇರಬಹುದೇ? ಹಾಗಿದ್ದರೆ ಇನ್ನೊಂದು ತೊಡಕು ಇದೆ. ಅದೇ ಹೆಸರಿನ ಎರಡು ಚಿತ್ರಗಳಿವೆ. 1930ರದು ಹೊವಾರ್ಡ್ ಹಾಕ್ಸ್‌ನದು, 1938ರದು ಎಡ್ಮಂಡ್ ಗೌಲ್ಡಿಂಗ್‌ನದು. ಎರಡನೆಯದರಲ್ಲಿ ಮೊದಲನೆಯದರ ಆಕಾಶದ ದೃಶ್ಯಗಳನ್ನೇ ಮತ್ತೆ ಬಳಸಿಕೊಂಡರು. ಅದೇ ವಿಮಾನ, ಎಂಟು ವರ್ಷ ಬಿಟ್ಟು, ಇನ್ನೊಂದು ಚಿತ್ರದಲ್ಲಿ ಬೀಳುತ್ತದೆ. ಎರಡನ್ನೂ ಪಕ್ಕಪಕ್ಕ ಹಾಕಿ ಆ ತುಣುಕುಗಳನ್ನು ಗುರುತಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಂಗ್ರಹಿಸುವವನಿಗೆ ಇದಕ್ಕಿಂತ ಬೇರೆ ಸುಖ ಬೇಡ.

ನಿಮ್ಮ ರೀಲಿನಲ್ಲಿ ಬರೀ ಆಕಾಶ ನೋಡಿದರೆ ಯಾವುದೆಂದು ಹೇಳಲು ಬರುವುದಿಲ್ಲ. ಮುಖ ಹುಡುಕಿ. ಎರೊಲ್ ಫ್ಲಿನ್ ಕಂಡರೆ 1938ರದು, ರಿಚರ್ಡ್ ಬಾರ್ಥೆಲ್ಮೆಸ್ ಕಂಡರೆ 1930ರದು. ಎರಡೂ ಅಲ್ಲದಿದ್ದರೆ ಮತ್ತೆ ಇಲ್ಲಿಗೆ ಬನ್ನಿ.

ರೀಲುಪೆಟ್ಟಿಗೆ (ಧಾರವಾಡ)
ಕೈಯಲ್ಲಿ ಬಿಚ್ಚಲು ಹೆದರಿಕೆಯಾಗುತ್ತದೆ. ಗೀರು ಬಿದ್ದರೆ?

ಬೆಳಗಿನ ಆಟ (ಹುಬ್ಬಳ್ಳಿ)
ಕೈಯಲ್ಲಿ ಬಿಚ್ಚಬೇಡಿ. ನನ್ನ ಹತ್ತಿರ ಕೈಯಿಂದ ತಿರುಗಿಸುವ ರಿವೈಂಡರ್ ಇದೆ. ಬಿಳಿ ಹತ್ತಿಯ ಕೈಗವಸು, ಬೆಳಕಿನ ಪೆಟ್ಟಿಗೆ ಕೂಡ ತರುತ್ತೇನೆ. ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರಲೇ? ಕುಗ್ಗಿದೆಯೋ ಇಲ್ಲವೋ ಅಳೆದು ನೋಡೋಣ. ಕುಗ್ಗಿರದಿದ್ದರೆ ನನ್ನ ಪ್ರೊಜೆಕ್ಟರಿನಲ್ಲಿ ಒಂದು ಸಲ ನಡೆಸಬಹುದು. 400 ಅಡಿಯ ರೀಲಾದರೆ 11 ನಿಮಿಷದ ಆಟ. ಆಮೇಲೆ ಎಲ್ಲವನ್ನೂ ಡಿಜಿಟಲ್ ಮಾಡಿಸುವ ಯೋಚನೆ ಮಾಡೋಣ, ಹುಳಿ ಹಿಡಿದ ಮೂರು ಮೊದಲು.

ದುರ್ಗದಬೈಲ್
ನಾಲ್ಕು ಜನ ಸೇರಿ ನೋಡಿದರೆ ಹಕ್ಕಿನ ತೊಂದರೆ ಇಲ್ಲವೇ?

ಕಪ್ಪತಗುಡ್ಡ (ಗದಗ)
ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1938ರದೇ ಆದರೂ ಅದು ಯಾವಾಗಲೋ ಮುಗಿದಿದೆ. ನಾನೂ ಬರುತ್ತೇನೆ, ಬೆಳಗಿನ ರೈಲಿಗೆ.

ಬೆಟಗೇರಿ ಮಗ್ಗ
ಕಪ್ಪತಗುಡ್ಡದವರೇ, ಅದೇ ರೈಲಿಗೆ ನಾನೂ ಬರುತ್ತೇನೆ. ಹ್ಯಾಂಡ್‌ಬಿಲ್ಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ತರುತ್ತೇನೆ. ಬ್ಲಾಕಿನಲ್ಲಿರುವ ವಿಮಾನವನ್ನೂ ರೀಲಿನಲ್ಲಿರುವ ವಿಮಾನವನ್ನೂ ಹೋಲಿಸಿ ನೋಡಬೇಕು.

ರೀಲುಪೆಟ್ಟಿಗೆ (ಧಾರವಾಡ)
ಎಲ್ಲರೂ ಬನ್ನಿ. ಊಟ ನಮ್ಮಲ್ಲೇ. ಅಣ್ಣನಿಗೂ ಹೇಳಿದ್ದೇನೆ, ಗುಜರಿಯ ಮಾತು ಭಾನುವಾರ ಮುಗಿಯುವವರೆಗೆ ಬೇಡ ಎಂದು. ಹಾಲ್‌ನ ಗೋಡೆ ತಿಳಿಹಸಿರು ಬಣ್ಣದ್ದು ಕಾಕಾ, ಬಿಳಿ ಚಾದರ ಕಟ್ಟಿದರೆ ನಡೆಯುತ್ತದೆಯೇ?

ಬೆಳಗಿನ ಆಟ (ಹುಬ್ಬಳ್ಳಿ)
ನಡೆಯುತ್ತದೆ. ಇಸ್ತ್ರಿ ಮಾಡಿಸಿ ಇಡಿ, ಮಡಿಕೆ ಇದ್ದರೆ ಆಕಾಶದಲ್ಲಿ ಗೆರೆ ಬೀಳುತ್ತದೆ.